ಕೆರೆ ದಂಡೆಯ ಹಳೆ ಮನೆ ಕೊಳ್ಳುವವರಿಗೆ

‘ಕೆರೆ ಗಾರ್ಡನ್ ಹತ್ರ, ಹಳೆ ಮನಿ, ಐದು ಗುಂಟೆ, ಕ್ಲಿಯರ್ ಟೈಟಲ್.’ ಹುಬ್ಬಳ್ಳಿ-ಧಾರವಾಡದ ದಲಾಲರ ವಾಟ್ಸಾಪ್‌ನಲ್ಲಿ ಇಂಥದೊಂದು ಸಾಲು ಬಿದ್ದರೆ ಎಲ್ಲರೂ ಲೆಕ್ಕ ಹಾಕುವುದು ಗುಂಟೆಯನ್ನು. ಮನೆ ಬಿಟ್ಟಿ ಬಂದ ಹಾಗೆ. ನೋಡಲು ಹೋದರೆ ದಲಾಲ ಬಾಗಿಲಲ್ಲೇ ಹೇಳುತ್ತಾನೆ: ‘ಒಳಗ ಏನ್ ನೋಡ್ತೀರಿ ಸರ, ಕೆಡವಿ ಮೂರಂತಸ್ತು ಎಬ್ಬಿಸ್ರಿ.’

ಬೇರೆ ಓಣಿಯಲ್ಲಾದರೆ ಈ ಮಾತು ನಡೆದೀತು. ಕೆರೆ ದಂಡೆಯಲ್ಲಿ ಅಷ್ಟು ಸುಲಭವಲ್ಲ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಎಬ್ಬಿಸುವುದನ್ನು 2014ರ ಕರ್ನಾಟಕದ ಕೆರೆ ಸಂರಕ್ಷಣಾ ಕಾಯ್ದೆ ನಿಷೇಧಿಸಿತು. ನಿಮ್ಮ ಹಳೆ ಮನೆ ಅದಕ್ಕೂ ಅರವತ್ತು ವರ್ಷ ಮುಂಚೆ ಕಟ್ಟಿದ್ದು, ಹಾಗಾಗಿ ಅದು ನಿಂತಿದೆ. ಅದನ್ನು ಕೆಡವಿದ ಮರುದಿನ ನಿಮ್ಮ ಕೈಯಲ್ಲಿರುವುದು ಖಾಲಿ ಜಾಗ. ಅಲ್ಲಿ ಏನು ಕಟ್ಟಬಹುದು ಅನ್ನುವುದು ಇವತ್ತಿನ ಕಾನೂನಿಗೆ ಬಿಟ್ಟಿದ್ದು. ಆದ್ದರಿಂದ ಇಂಥ ಆಸ್ತಿಯನ್ನು ಪ್ಲಾಟೆಂದು ತಿಳಿದು ಕೊಳ್ಳಬೇಡಿ, ಮನೆಯೆಂದು ಕೊಳ್ಳಿ. ಮನೆ ಇಟ್ಟುಕೊಳ್ಳಲು ಯೋಗ್ಯವಿಲ್ಲದಿದ್ದರೆ, ಹೊಸದಕ್ಕೆ ಪರವಾನಗಿ ಸಿಗುತ್ತದೆಂದು ಬರಹದಲ್ಲಿ ಖಾತ್ರಿಯಾಗುವವರೆಗೆ ಕೊಳ್ಳಲೇಬೇಡಿ.

ಈ ಮನೆಗಳು ಎದ್ದ ಕಾಲ ಗೊತ್ತಿದ್ದರೆ ಮುಂದಿನ ಕೆಲಸ ಹಗುರ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಅದೇ ವರ್ಷ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಇಲ್ಲಿಗೆ ಬಂತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ, ಮೆಡಿಕಲ್ ಕಾಲೇಜು 1957ರಲ್ಲಿ ಶುರುವಾದವು. ಪ್ರೊಫೆಸರರು, ಡಾಕ್ಟರರು, ವಕೀಲರು, ರೈಲ್ವೆಯವರು ಸಂಬಳ ಕೂಡಿಟ್ಟು ಊರ ಹೊರಗೆ, ಅಂದರೆ ಆಗಿನ ಊರ ಹೊರಗೆ, ಕಟ್ಟಿಸಿದ ಮನೆಗಳಿವು: ಮುಂದೆ ಕಟ್ಟೆ, ನಡುವೆ ಪಡಸಾಲೆ, ಹಿಂದೆ ಹಿತ್ತಲು, ಬಾವಿ, ತುಳಸಿ ಕಟ್ಟೆ. ಧಾರವಾಡದಲ್ಲಿ ಸಾಧನಕೇರಿ, ಕೆಲಗೇರಿ ಕೆರೆಯ ಕಡೆ, ಹುಬ್ಬಳ್ಳಿಯಲ್ಲಿ ಉಣಕಲ್ ಸುತ್ತ ಇಂಥವು ಇನ್ನೂ ಕೆಲವು ಉಳಿದಿವೆ. ಗದಗಿನ ಭೀಷ್ಮ ಕೆರೆ, ಹಾವೇರಿಯ ಹೆಗ್ಗೆರೆ ಕಡೆ ನೋಡುವವರಿಗೂ ಇಲ್ಲಿ ಹೇಳುವುದರಲ್ಲಿ ಬಹುಪಾಲು ಹೊಂದುತ್ತದೆ. 1997ರ ತನಕ ಮೂರೂ ಒಂದೇ ಜಿಲ್ಲೆ, ಕಾಗದದ ಪದ್ಧತಿಯೂ ಒಂದೇ.

ಮೊದಲು ಕೆರೆ ನೋಡಿ, ಮನೆ ಆಮೇಲೆ

ಕೆರೆಗೆ ನಾಲ್ಕು ದಂಡೆ, ನಾಲ್ಕೂ ಒಂದೇ ಅಲ್ಲ. ದಲಾಲ ‘ಲೇಕ್ ವ್ಯೂ’ ಅನ್ನುತ್ತಾನೆ, ಯಾವ ಕಡೆಯಿಂದ ವ್ಯೂ ಅಂತ ಹೇಳುವುದಿಲ್ಲ. ಅದನ್ನು ನೀವೇ ನಡೆದು ನೋಡಬೇಕು.

ಏರಿಯ ಕೆಳಗಿರುವ ಮನೆಗೆ ಕೆರೆ ಕಾಣುವುದಿಲ್ಲ, ಆದರೆ ಕೆರೆಯ ನೀರು ನೆಲದೊಳಗಿಂದ ಅಲ್ಲಿಗೇ ಬರುತ್ತದೆ. ಕೆರೆ ತುಂಬಿದಾಗ ಹಿತ್ತಲಿನ ಬಾವಿ ನೆಲಮಟ್ಟಕ್ಕೆ ಏರುತ್ತದೆ, ನೆಲದಡಿಯ ಸಂಪಿನೊಳಕ್ಕೆ ಹೊರಗಿನಿಂದ ನೀರು ಜಿನುಗುತ್ತದೆ, ಫರಸಿ ಕಲ್ಲುಗಳ ಸಂದಿ ಒದ್ದೆಯಾಗಿಯೇ ಇರುತ್ತದೆ. ಕೋಡಿಯ ದಾರಿಯಲ್ಲಿರುವ ಮನೆಗೆ ಇದಕ್ಕಿಂತ ದೊಡ್ಡ ತೊಂದರೆ: ವರ್ಷದಲ್ಲಿ ಹನ್ನೊಂದು ತಿಂಗಳು ಒಣಗಿದ ಗಟಾರದಂತೆ ಕಾಣುವ ಹಳ್ಳ ಒಂದು ರಾತ್ರಿ ಅಂಗಳಕ್ಕೆ ಬರುತ್ತದೆ. ಉಣಕಲ್ ಕೆರೆಯ ಹೆಚ್ಚುವರಿ ನೀರು ಹುಬ್ಬಳ್ಳಿಯ ಮಧ್ಯದಲ್ಲೇ ನಾಲೆಯಾಗಿ ಹರಿಯುತ್ತದೆ. ಆ ನಾಲೆಯ ಪಕ್ಕದ ಮನೆ ಕೆರೆಯಿಂದ ಎಷ್ಟು ದೂರವಿದ್ದರೂ ಅದನ್ನು ಕೆರೆ ದಂಡೆಯ ಮನೆ ಎಂದೇ ತಿಳಿದು ಪರೀಕ್ಷಿಸಿ. ನೀರು ಒಳಬರುವ ಕಡೆಯ ದಂಡೆಯಲ್ಲಿ ಹೂಳು, ಅಂತರಗಂಗೆ, ಒಳಚರಂಡಿಯ ವಾಸನೆ, ಸೊಳ್ಳೆ. ನಿಜವಾಗಿ ದುಡ್ಡು ಕೊಡಬಹುದಾದ ದಂಡೆ ನಾಲ್ಕನೆಯದು: ಎತ್ತರದ ನೆಲ, ನೀರು ನಿಮ್ಮಿಂದ ಕೆರೆಗೆ ಇಳಿಯಬೇಕು, ಕೆರೆಯಿಂದ ನಿಮ್ಮಲ್ಲಿಗೆ ಅಲ್ಲ.

ಮಾರುವವರು ಮನೆ ತೋರಿಸುವುದು ಸಾಮಾನ್ಯವಾಗಿ ದೀಪಾವಳಿಯಿಂದ ಯುಗಾದಿಯ ತನಕ. ಕೆರೆ ತುಂಬಿರುತ್ತದೆ, ಗಾಳಿ ತಂಪಾಗಿರುತ್ತದೆ, ಗೋಡೆ ಒಣಗಿರುತ್ತದೆ. ನೀವು ಹೋಗಬೇಕಾದದ್ದು ಆರಿದ್ರಾ, ಪುಷ್ಯ ಮಳೆ ಹಿಡಿದಾಗ ಒಮ್ಮೆ, ಏಪ್ರಿಲ್‌ನಲ್ಲಿ ಕೆರೆ ಬತ್ತುವಾಗ ಒಮ್ಮೆ. ಅಷ್ಟು ಕಾಯಲು ಆಗದಿದ್ದರೆ ನೆರೆಮನೆಯ ಹಿರಿಯರನ್ನು ಕೇಳಿ. ಕೇಳುವುದಕ್ಕೂ ಒಂದು ರೀತಿಯಿದೆ. ‘ಇಲ್ಲಿ ನೀರು ಬರ್ತದೇನ್ರಿ ಅಜ್ಜಾರ?’ ಅಂದರೆ ‘ಏ, ಇಲ್ಲ ಬಿಡ್ರಿ’ ಅನ್ನುತ್ತಾರೆ, ನೆರೆಯವರ ವ್ಯಾಪಾರ ಕೆಡಿಸುವುದು ಯಾಕೆಂದು. ‘ಭಾಳ ಮಳಿ ಆದಾಗ ನೀರು ಎಲ್ಲೀ ಮಟಾ ಬಂದಿತ್ರಿ?’ ಎಂದು ಕೇಳಿ ನೋಡಿ. ಬಂದಿದ್ದರೆ ಕೈ ತಾನಾಗಿ ಕಾಂಪೌಂಡಿನ ಒಂದು ಕಲ್ಲಿನ ಕಡೆ ಹೋಗುತ್ತದೆ.

ಒಂದು ರವಿವಾರ ಸಂಜೆ ಕೂಡ ಅಲ್ಲಿ ನಿಲ್ಲಬೇಕು. ಉದ್ಯಾನದ ಹತ್ತಿರದ ಮನೆ ಎಂದರೆ ಉದ್ಯಾನಕ್ಕೆ ಬರುವವರ ಗಾಡಿಗಳು ನಿಮ್ಮ ಗೇಟಿನ ಮುಂದೆ ನಿಲ್ಲುವ ಮನೆ. ಗಿರಮಿಟ್, ಮಿರ್ಚಿ ಗಾಡಿಗಳ ಪಕ್ಕದಲ್ಲಿ ನೀವು ನಿಮ್ಮ ಕಾರು ಹೊರತೆಗೆಯಲು ಸಾಧ್ಯವೇ ನೋಡಿ. ಉಣಕಲ್ ಕಡೆ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಸದ್ದು ರಾತ್ರಿಯೂ ಇರುತ್ತದೆ. ಸಾಧನಕೇರಿಯಲ್ಲಿ ಆ ತೊಂದರೆ ಕಡಿಮೆ, ಆದರೆ ಅಲ್ಲಿ ದಲಾಲರ ಬಾಯಲ್ಲಿ ಬೇರೊಂದು ದರಪಟ್ಟಿ: ‘ಬೇಂದ್ರೆ ಅಜ್ಜಾರ ಮನಿ ಇಲ್ಲೇ ಐತ್ರಿ.’ ವರಕವಿಯ ನೆರೆಹೊರೆಗೆ ಗುಂಟೆಯ ಮೇಲೆ ಎಷ್ಟು ಹಾಕಬಹುದು ಅನ್ನುವುದು ನಿಮ್ಮ ಕಾವ್ಯಪ್ರೀತಿಗೆ ಬಿಟ್ಟದ್ದು. ಬ್ಯಾಂಕಿನ ವ್ಯಾಲ್ಯೂಯರ್ ಅದಕ್ಕೆ ಏನೂ ಹಾಕುವುದಿಲ್ಲ.

ಒಳಗೆ ಹೋಗುವಾಗ ಗೌಂಡಿಯನ್ನು ಕರೆದುಕೊಂಡು ಹೋಗಿ

ಹೊಸ ಎಂಜಿನಿಯರಿಗಿಂತ ಹಳೆ ಗೌಂಡಿ ವಾಸಿ, ಇಬ್ಬರೂ ಬಂದರೆ ಇನ್ನೂ ವಾಸಿ. ಯಾಕೆಂದರೆ ಈ ಮನೆಗಳಲ್ಲಿ ಎರಡು ಜಾತಿ. ಐವತ್ತರ ದಶಕದವು ಹೆಚ್ಚಾಗಿ ಕಲ್ಲಿನ ಗೋಡೆ, ಮಣ್ಣಿನ ಇಲ್ಲವೆ ಸುಣ್ಣದ ಗಾರೆ, ಸಾಗವಾನಿ ತೊಲೆ, ಮಂಗಳೂರು ಹಂಚು. ಅರವತ್ತರ ದಶಕದಿಂದ ಆರ್‌ಸಿಸಿ ಸ್ಲ್ಯಾಬ್ ಬರುತ್ತದೆ. ಎಷ್ಟೋ ಮನೆಗಳಲ್ಲಿ ಮುಂದಿನ ಅರ್ಧ ಹಂಚು, ಮಗನ ಮದುವೆಗೆ ಕಟ್ಟಿಸಿದ ಹಿಂದಿನ ಅರ್ಧ ಸ್ಲ್ಯಾಬ್. ಎರಡೂ ಸೇರುವ ಜಾಗವೇ ಸೋರುವುದು.

ಗೋಡೆಯ ಬುಡದಿಂದ ಶುರು ಮಾಡಿ. ಆ ಕಾಲದ ಕಲ್ಲಿನ ಗೋಡೆಗಳ ತಳಪಾಯದಲ್ಲಿ ತೇವ ತಡೆಯುವ ಪದರ ಸಾಮಾನ್ಯವಾಗಿ ಇರುವುದಿಲ್ಲ. ನೆಲದ ನೀರು ಗೋಡೆಯೊಳಗೆ ಏರುತ್ತದೆ, ಸುಮಾರು ಒಂದು ಮೀಟರ್ ತನಕ, ಅಲ್ಲಿ ಬಿಳಿ ಉಪ್ಪು ಮೇಲೆದ್ದು ಸುಣ್ಣ ಉದುರುತ್ತದೆ. ಕೆರೆ ಹತ್ತಿರ ಇದ್ದಷ್ಟೂ ಇದು ಜಾಸ್ತಿ. ಸೊಂಟದ ಎತ್ತರದವರೆಗೆ ಮಾತ್ರ ಹೊಸ ಬಣ್ಣ, ಪಡಸಾಲೆಯ ಗೋಡೆಗೆ ಇದ್ದಕ್ಕಿದ್ದಂತೆ ಟೈಲ್ಸ್, ಮೂಲೆಗೆ ಒತ್ತಿ ಇಟ್ಟ ದೊಡ್ಡ ಕಪಾಟು ಕಂಡರೆ ಕಪಾಟನ್ನು ಸ್ವಲ್ಪ ಸರಿಸಲು ಹೇಳಿ. ಇಂಥ ಗೋಡೆಗೆ ಮಾರುವವರು ಸಿಮೆಂಟಿನ ಗಿಲಾವು ಮಾಡಿಸಿದ್ದರೆ ರೋಗ ವಾಸಿಯಾಗಿಲ್ಲ, ಮುಚ್ಚಿದೆ ಅಷ್ಟೆ. ಸಿಮೆಂಟು ತೇವವನ್ನು ಹೊರಗೆ ಬಿಡುವುದಿಲ್ಲ, ಅದು ಇನ್ನೂ ಮೇಲಕ್ಕೆ ಏರಿ ಹುಡುಕಿಕೊಂಡು ಹೊರಬರುತ್ತದೆ. ಸುಣ್ಣದ ಗಿಲಾವು ಮಾಡುವ ಗೌಂಡಿಗಳು ಈಗ ವಿರಳ, ಕೂಲಿ ಹೆಚ್ಚು. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ.

ಬಿರುಕುಗಳ ವಿಷಯದಲ್ಲಿ ನೆಲ ನೋಡಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ, ನವಲಗುಂದ, ಗದಗಿನ ಕಡೆಗೆ ಎರೆ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಜೊತೆಗೆ ಗೋಡೆಯೂ ಬಾಯಿ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹೋಗುವ ಬಿರುಕು ಕಂಡರೆ ಹತ್ತಿರ ಹೋಗಿ ಬೆರಳಿಟ್ಟು ನೋಡಿ. ಒಂದೇ ಸಲ ತುಂಬಿ ಬಣ್ಣ ಬಳಿದ ಬಿರುಕು ಹಾಗೇ ಮುಚ್ಚಿಕೊಂಡಿದ್ದರೆ ಅದು ಹಳೆಯ ಕಥೆ, ಮನೆ ಕೂತಿದೆ. ಅದೇ ಬಿರುಕಿನೊಳಗೆ ಹಸಿರು ಸುಣ್ಣದ ಒಂದು ಗೆರೆ, ಅದರ ಪಕ್ಕ ಬಿಳಿ ಪುಟ್ಟಿ, ಅದರ ಪಕ್ಕ ಬೂದು ಸಿಮೆಂಟು, ಮತ್ತೆ ನಡುವೆ ಕೂದಲೆಳೆಯಷ್ಟು ಹೊಸ ಸೀಳು ಇದ್ದರೆ ಪ್ರತಿ ಸಲ ಬಣ್ಣ ಹಚ್ಚಿದಾಗಲೂ ತುಂಬಿದ್ದಾರೆ, ಪ್ರತಿ ಸಲವೂ ತೆರೆದಿದೆ ಎಂದರ್ಥ. ಇನ್ನೂ ನಂಬಿಕೆ ಬರದಿದ್ದರೆ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ತಾರೀಖು ಬರೆದು ಬನ್ನಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಸಂಚಕಾರಕ್ಕೂ, ಅಂದರೆ ಮುಂಗಡ ಕೊಟ್ಟು ಮಾಡುವ ಕರಾರಿಗೂ, ಖರೀದಿಗೂ ನಡುವೆ ಹೇಗೂ ಕೆಲವು ತಿಂಗಳು ಇರುತ್ತವೆ.

ಹಂಚಿನ ಮಾಡನ್ನು ಎರಡು ಕಡೆಯಿಂದ ನೋಡಿ. ಹೊರಗೆ ದೂರ ನಿಂತು ನೆತ್ತಿಯ ಗೆರೆ ನೇರವಿದೆಯೇ, ಬಾಗಿದೆಯೇ. ಒಳಗೆ ಮಧ್ಯಾಹ್ನ ಅಟ್ಟ ಹತ್ತಿ ಬೆಳಕು ಎಲ್ಲೆಲ್ಲಿ ಇಣುಕುತ್ತಿದೆ. ಹಂಚು ಒಡೆದಿದ್ದರೆ ದೊಡ್ಡ ಮಾತಲ್ಲ. ಹಂಚಿನ ಬೆನ್ನಿಗೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಅದೇ ಮಾದರಿಯದು ಹಳೆ ಸಾಮಾನಿನ ವ್ಯಾಪಾರಿಗಳಲ್ಲಿ ಸಿಗುತ್ತದೆ. ತೊಲೆ ಕೆಟ್ಟಿದ್ದರೆ ದೊಡ್ಡ ಮಾತು. ತೊಲೆ ಮೊದಲು ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ಸ್ಕ್ರೂಡ್ರೈವರಿನಿಂದ ಚುಚ್ಚಿ. ಸಾಗವಾನಿ ಆದರೆ ತುದಿ ಇಳಿಯುವುದಿಲ್ಲ. ಕೈಯ ಒತ್ತಿಗೆ ಇಳಿದರೆ, ಇಲ್ಲವೆ ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ, ಬಡಿಗನನ್ನು ಕರೆದು ಎಷ್ಟು ತೊಲೆ ಬದಲಿಸಬೇಕು ಎಂದು ಎಣಿಸಿ.

ಸ್ಲ್ಯಾಬಿಗೆ ಬೇರೆ ಪರೀಕ್ಷೆ. ಬಚ್ಚಲು ಮನೆಯ ಸೂರು ಮತ್ತು ಕಿಟಕಿಯ ಮೇಲಿನ ಸಜ್ಜಾ, ಈ ಎರಡು ಕಡೆ ಕಬ್ಬಿಣ ಮೊದಲು ತುಕ್ಕು ಹಿಡಿಯುತ್ತದೆ. ಸಳಿಯ ಉದ್ದಕ್ಕೂ ಕಂದು ಗೆರೆ, ಅಲ್ಲಲ್ಲಿ ಉದುರಿದ ಕಾಂಕ್ರೀಟು, ಬಿದಿರಿನ ಗಳದಿಂದ ತಟ್ಟಿದರೆ ಡೊಳ್ಳಿನ ಸದ್ದು. ಒಂದೆರಡು ಕಡೆ ಇದ್ದರೆ ರಿಪೇರಿ. ಪಡಸಾಲೆಯ ನಡುಭಾಗದಲ್ಲೂ ಹಾಗೇ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಂದೆ ಹೋಗಬೇಡಿ.

ವೈರಿಂಗು, ನೀರಿನ ಪೈಪು ನೋಡುವುದರಲ್ಲಿ ಹೊತ್ತು ಕಳೆಯಬೇಡಿ, ಎರಡನ್ನೂ ಪೂರ್ತಿ ಬದಲಿಸಬೇಕು ಎಂದೇ ಹಿಡಿಯಿರಿ. ಮರದ ಪಟ್ಟಿಯ ಮೇಲೆ ಓಡುವ ಹಳೆ ತಂತಿಗೆ ಅರ್ತಿಂಗ್ ಇರುವುದಿಲ್ಲ, ಜಿಐ ಪೈಪು ಒಳಗೆ ತುಕ್ಕು ತುಂಬಿ ಬೆರಳು ಹೋಗದಷ್ಟು ಕಿರಿದಾಗಿರುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾತ್ರ ಕೇಳಿ. ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರದಿಂದ. 24 ತಾಸು ನೀರು ಬರುವ ವಾರ್ಡಿಗೂ ದಿನಗಟ್ಟಲೆ ಕಾಯುವ ವಾರ್ಡಿಗೂ ಕೆಲವೊಮ್ಮೆ ಒಂದೇ ರಸ್ತೆ ಅಡ್ಡ. ಕೆರೆ ಎದುರಿಗಿದ್ದೂ ನೀರಿನ ತೊಟ್ಟಿ ತುಂಬಿಸಿಕೊಳ್ಳಲು ಟ್ಯಾಂಕರ್ ಕರೆಯುವ ಮನೆಗಳಿವೆ. ಬಾವಿ ಇದ್ದರೆ ಅದರ ನೀರನ್ನು ಲ್ಯಾಬಿಗೆ ಕೊಟ್ಟು ನೋಡಿ. ಕೆರೆಗೆ ಗಟಾರ ಸೇರುತ್ತಿದ್ದರೆ ಬಾವಿಗೂ ಸೇರಿರಬಹುದು. ಗಿಡಕ್ಕೆ, ಬಟ್ಟೆಗೆ ಬಳಸಬಹುದಾದ ನೀರನ್ನು ಕುಡಿಯಬಹುದು ಎಂದುಕೊಳ್ಳಬೇಡಿ.

ಕಾಗದ: ಉತಾರದಿಂದ ಹಿಂದಕ್ಕೆ ಹೋಗಿ

ನಮ್ಮದು ಹಳೆ ಮುಂಬಯಿ ಪ್ರಾಂತ. 1956ರ ನವೆಂಬರ್ 1ರ ತನಕ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಮಹಾನಗರ ಪಾಲಿಕೆ ಆದದ್ದು 1962ರಲ್ಲಿ. ಹಾಗಾಗಿ ಬೆಂಗಳೂರಿನ ಗೆಳೆಯರು ಹೇಳುವ ‘ಖಾತಾ ಇದ್ದರೆ ಸಾಕು’ ಅನ್ನುವ ಮಾತು ಇಲ್ಲಿ ಅರ್ಧ ಮಾತ್ರ ಸರಿ. ಇಲ್ಲಿ ಮುಖ್ಯವಾದದ್ದು ಸಿಟಿ ಸರ್ವೆ ಕಚೇರಿಯ ಪ್ರಾಪರ್ಟಿ ಕಾರ್ಡು, ಜನ ಅನ್ನುವುದು ಸಿಟಿಎಸ್ ಉತಾರ.

ಉತಾರವನ್ನು ಕೈಯಲ್ಲಿ ಹಿಡಿದು ಓದುವುದು ಹೀಗೆ. ಮೇಲೆ ಸಿಟಿಎಸ್ ನಂಬರು, ಕ್ಷೇತ್ರ, ಮೊದಲ ಹಕ್ಕುದಾರನ ಹೆಸರು. ಜಾಗದ ಧಾರಣೆಯ ಪ್ರಕಾರಕ್ಕೆ (ಸ್ವಂತದ್ದೋ, ಲೀಜಿನದೋ) ಒಂದು ಅಂಕಣ. ಸರಕಾರದ ಲೀಜಿನ ಜಾಗವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೆಳಗೆ ಒಂದೊಂದೇ ಸಾಲು: ತಾರೀಖು, ವ್ಯವಹಾರ, ಹೊಸ ಹಕ್ಕುದಾರ, ಅಧಿಕಾರಿಯ ಸಹಿ. 1958 ಖರೀದಿ, 1979 ವಾರಸಾ (ತೀರಿಕೊಂಡವರಿಂದ ವಾರಸುದಾರರಿಗೆ), ನಡುವೆ ಒಂದು ಸೊಸೈಟಿ ಸಾಲದ ಬೋಜಾ, ಅಂದರೆ ಭಾರ. ಆ ಬೋಜಾ ತೀರಿದ್ದಕ್ಕೆ ಸಾಲು ಇದೆಯೇ? ಸಾಲ ಕೊಟ್ಟ ಸೊಸೈಟಿಯೇ ಮುಚ್ಚಿಹೋಗಿದ್ದರೂ ಉತಾರದ ಮೇಲಿನ ಬೋಜಾ ಹಾಗೇ ಉಳಿದಿರುತ್ತದೆ. ಆಮೇಲೆ ಕೊನೆಯ ಸಾಲು. ಅದರಲ್ಲಿರುವ ಹೆಸರು, ನಿಮ್ಮ ಎದುರು ಚಹಾ ಕೊಡುತ್ತ ಕೂತವರ ಹೆಸರು, ಎರಡೂ ಒಂದೇ ಅಲ್ಲದಿದ್ದರೆ ಎಷ್ಟು ಮಂದಿ ತೀರಿಕೊಂಡಿದ್ದಾರೆ ಮತ್ತು ಅವರ ವಾರಸಾ ಯಾಕೆ ದಾಖಲಾಗಿಲ್ಲ ಎಂದು ಕೇಳಬೇಕು. ಹಳೆ ಮನೆಗಳ ವ್ಯವಹಾರ ನಿಲ್ಲುವುದು ಬಹುತೇಕ ಇಲ್ಲೇ.

ಕ್ಷೇತ್ರದ ಲೆಕ್ಕವನ್ನು ನೀವೇ ಮಾಡಿ. ಹಳೆ ಖರೀದಿ ಪತ್ರದಲ್ಲಿ ಚೌರಸ ವಾರ, ಉತಾರದಲ್ಲಿ ಚದರ ಮೀಟರ್, ದಲಾಲನ ಬಾಯಲ್ಲಿ ಗುಂಟೆ, ಬ್ಯಾಂಕಿನಲ್ಲಿ ಚದರ ಅಡಿ. ಒಂದು ಗುಂಟೆ ಎಂದರೆ 121 ಚೌರಸ ವಾರ, 1,089 ಚದರ ಅಡಿ, ಸುಮಾರು 101.2 ಚದರ ಮೀಟರ್. ಐದು ಗುಂಟೆ ಎಂದು ಹೇಳಿದ ಜಾಗ ಉತಾರದಲ್ಲಿ ಸುಮಾರು 506 ಚದರ ಮೀಟರ್ ಇರಬೇಕು. 460 ಇದ್ದರೆ ಉಳಿದದ್ದು ರಸ್ತೆ ಅಗಲೀಕರಣಕ್ಕೆ ಹೋಯಿತೋ, ನೆರೆಯವರ ಕಾಂಪೌಂಡಿಗೆ ಹೋಯಿತೋ, ಕೆರೆಗೆ ಸೇರಿತೋ ತಿಳಿಯಬೇಕು. ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ, ನಾಲ್ಕೂ ಮೂಲೆಯ ಕಲ್ಲು ತೋರಿಸಿಕೊಳ್ಳಿ. ಕೆರೆಯ ಕಡೆಯ ಕಾಂಪೌಂಡನ್ನು ಹಿಂದಿನವರು ಮುಂದಕ್ಕೆ ತಳ್ಳಿದ್ದರೆ ಆ ತುಂಡಿಗೆ ದುಡ್ಡು ಕೊಡಬೇಡಿ. ಅದು ಯಾವತ್ತೂ ನಿಮ್ಮದಾಗುವುದಿಲ್ಲ.

ಉತಾರದ ಜೊತೆ ಮೂಲ ಖರೀದಿ ಪತ್ರ, ಇದ್ದರೆ ವಾಟ್ನಿ (ಪಾಲು) ಪತ್ರ, ಬಕ್ಷೀಸ (ದಾನ) ಪತ್ರ, ಮೃತ್ಯುಪತ್ರ (ವಿಲ್) ಎಲ್ಲವನ್ನೂ ಸಾಲಾಗಿ ಜೋಡಿಸಿ. ಜಾಗ ಇನ್ನೂ ಹಳೆಯದಾಗಿದ್ದರೆ ಮೋಡಿ ಲಿಪಿಯ (ಮರಾಠಿಯ ಹಳೆ ಕೂಡುಬರಹ) ಕಾಗದವೊಂದು ಹೊರಬೀಳಬಹುದು. ಹೆದರಬೇಡಿ, ಓದಬಲ್ಲವರು ಇನ್ನೂ ಇದ್ದಾರೆ. ಋಣಭಾರ ಪತ್ರ (ಇಸಿ) ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ತೆಗೆಸಬೇಕು. ಬ್ಯಾಂಕು ಮೂವತ್ತು ವರ್ಷದ್ದು ಕೇಳಿದರೂ ನೀವು ಮನೆ ಕಟ್ಟಿದ ಕಾಲದಿಂದ ತೆಗೆಸಿ. ಆದರೆ ಋಣಭಾರ ಪತ್ರದಲ್ಲಿ ನೋಂದಣಿಯಾದದ್ದು ಮಾತ್ರ ಕಾಣುತ್ತದೆ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದಿಟ್ಟ ಹಳೆ ಸಂಚಕಾರವಾಗಲಿ, ಕೋರ್ಟಿನಲ್ಲಿರುವ ವಾಟ್ನಿ ದಾವೆಯಾಗಲಿ ಅದರಲ್ಲಿ ಸಿಗಲಿಕ್ಕಿಲ್ಲ. ದಾವೆಗೆ ಇ-ಕೋರ್ಟ್ ತಾಣದಲ್ಲಿ ಮನೆತನದ ಪ್ರತಿಯೊಬ್ಬರ ಹೆಸರು ಹಾಕಿ ಹುಡುಕಿ, ಜಿಲ್ಲಾ ಕೋರ್ಟಿನಲ್ಲೂ ಧಾರವಾಡದ ಹೈಕೋರ್ಟ್ ಪೀಠದಲ್ಲೂ.

ಪಾಲಿಕೆಯ ಇ-ಆಸ್ತಿ (ಆನ್‌ಲೈನ್ ಖಾತಾ) ಈಗ ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಅದನ್ನು ಮಾಡಿಸಿಕೊಡುವುದು ಮಾರುವವರ ಕೆಲಸ. ಜಾಗ ಹೌಸಿಂಗ್ ಸೊಸೈಟಿಯದಾಗಿದ್ದರೆ ಸೊಸೈಟಿಯ ಒಪ್ಪಿಗೆ ಪತ್ರವನ್ನೂ ಕೇಳಿ. ಇನ್ನು ಆ 30 ಮೀಟರಿನ ಮಾತು: ಕೆರೆಯ ಸರ್ವೆ ನಕಾಶೆಯಲ್ಲಿ ಗಡಿ ಎಲ್ಲಿದೆ, ಅಲ್ಲಿಂದ ನಿಮ್ಮ ಮನೆ ಎಷ್ಟು ದೂರ ಎಂದು ಲೈಸೆನ್ಸ್ ಇರುವ ಸರ್ವೇಯರ್ ಕೈಯಿಂದ ಅಳೆಸಿ, ಅದೇ ನಕಾಶೆ ಹಿಡಿದು ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಸ್ಟರ್ ಪ್ಲಾನಿನ ಪ್ರಕಾರ ಜಾಗ ಯಾವ ವಲಯದಲ್ಲಿದೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. ನೀರು ಇವತ್ತು ನಿಂತ ಜಾಗ ಕೆರೆಯ ಗಡಿಯಲ್ಲ. ದಲಾಲರು ಬೇಸಗೆಯಲ್ಲಿ ಹೆಜ್ಜೆ ಹಾಕಿ ಅಳೆದು ತೋರಿಸುವ ದೂರಕ್ಕೆ ಬೆಲೆಯಿಲ್ಲ.

ಸಹಿ ಎಷ್ಟು ಮಂದಿಯದು

ಅಪ್ಪ 1958ರಲ್ಲಿ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಮೃತ್ಯುಪತ್ರ ಬರೆಯದೆ ತೀರಿಕೊಂಡರು ಎಂದುಕೊಳ್ಳೋಣ. ಹಿಂದೂ ಕುಟುಂಬವಾದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಪಾಲು. ತೀರಿಕೊಂಡ ಮಗನ ಹೆಂಡತಿ-ಮಕ್ಕಳಿಗೆ, ತೀರಿಕೊಂಡ ಮಗಳ ಮಕ್ಕಳಿಗೆ ಅವರ ಪಾಲು. ಪಿತ್ರಾರ್ಜಿತವಾದರೂ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು. 2005ಕ್ಕಿಂತ ಮುಂಚೆ ಅಪ್ಪ ತೀರಿಕೊಂಡಿದ್ದರೂ ಆ ಹಕ್ಕಿಗೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ.

ಮನೆ ತೋರಿಸುವ ಅಣ್ಣಾವ್ರು ಇದಕ್ಕೆ ಒಂದೇ ಮಾತು ಹೇಳುತ್ತಾರೆ: ‘ತಂಗೀಗೆ ಮದುವಿಯೊಳಗ ಎಲ್ಲಾ ಕೊಟ್ಟೇವ್ರಿ, ಆಕಿ ಏನೂ ಕೇಳೂದಿಲ್ಲ.’ ಇರಬಹುದು. ಆದರೆ ಮದುವೆಯಲ್ಲಿ ಕೊಟ್ಟ ಬಂಗಾರ ಹಕ್ಕು ಬಿಡುಗಡೆ ಪತ್ರವಲ್ಲ. ತಂಗಿಯವರು ಒಂದೋ ಖರೀದಿ ಪತ್ರಕ್ಕೆ ಮಾರುವವರಾಗಿ ಸಹಿ ಹಾಕಬೇಕು, ಇಲ್ಲವೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. ಸಾಧ್ಯವಾದರೆ ಸಂಚಕಾರಕ್ಕೆ ಮುಂಚೆ ಅವರೊಂದಿಗೆ ನೀವೇ ಫೋನಿನಲ್ಲಿ ಮಾತಾಡಿ. ‘ಅಕ್ಕಾರ, ನಿಮ್ಮ ತವರುಮನಿ ನಾವು ತಗೋಳಾಕತ್ತೇವ್ರಿ, ನಿಮ್ಮ ಒಪ್ಪಿಗಿ ಐತೇನ್ರಿ?’ ಎಂದು ನೇರವಾಗಿ ಕೇಳಿದರೆ, ಅಣ್ಣ ಆರು ತಿಂಗಳು ಹೇಳದೆ ಇದ್ದದ್ದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಕಂದಾಯ ಇಲಾಖೆಯ ವಂಶಾವಳಿ ತೆಗೆಸಲು ಹೇಳಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟಿಲ್ಲವೆಂದು ನೋಡಿ. ಅಪ್ರಾಪ್ತ ವಯಸ್ಸಿನ ಮೊಮ್ಮಗನಿಗೆ ಪಾಲಿದ್ದರೆ ವಕೀಲರು ಹೇಳುವ ತನಕ ದುಡ್ಡು ಕೊಡಬೇಡಿ, ಕೋರ್ಟಿನ ಅನುಮತಿ ಬೇಕಾಗುವ ಸಂದರ್ಭ ಅದು. ಅಮೆರಿಕದಲ್ಲಿರುವ ಮಗ ಮುಖತ್ಯಾರ ಪತ್ರ ಕಳಿಸುತ್ತೇನೆ ಅಂದರೆ ಅದು ಅಲ್ಲಿ ಸರಿಯಾಗಿ ದೃಢೀಕರಣ ಆಗಿರಬೇಕು, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿರಬೇಕು. ಹಿತ್ತಲಿನ ಕೋಣೆಯಲ್ಲಿ ನಲವತ್ತು ವರ್ಷದಿಂದ ಇರುವ ಬಾಡಿಗೆಯವರನ್ನು ಮರೆಯಬೇಡಿ. ‘ಅವರು ಹೋಗ್ತಾರ’ ಎಂಬ ಮಾತಿನ ಮೇಲೆ ಖರೀದಿ ಆಗಬಾರದು. ಅವರು ಹೋದ ಮೇಲೆ ಆಗಬೇಕು.

ಎಲ್ಲ ಸರಿಕಂಡ ಮೇಲೂ ವಕೀಲರ ಮೂಲಕ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರು ನೋಟಿಸು ಕೊಡಿಸಿ. ಮರೆತುಹೋದ ದಾಯಾದಿಯೊಬ್ಬರು ಏಳುವುದಿದ್ದರೆ ಈಗಲೇ ಏಳಲಿ.

ಬೆಲೆ, ಸಂಚಕಾರ, ನೋಂದಣಿ

ಬೆಲೆ ಮಾತಾಡುವಾಗ ಹೊಸ ಮನೆಯ ಜೊತೆ ಹೋಲಿಸಬೇಡಿ. ಅದೇ ಓಣಿಯ ಖಾಲಿ ಜಾಗದ ದರದಿಂದ ಶುರು ಮಾಡಿ, ಸುಸ್ಥಿತಿಯ ಭಾಗಕ್ಕೆ ಸ್ವಲ್ಪ ಸೇರಿಸಿ, ಗೌಂಡಿ, ಬಡಿಗ, ವೈರಿಂಗಿನವರು ಕೊಟ್ಟ ಅಂದಾಜನ್ನು ಕಳೆಯಿರಿ. ಹೊಸದಾಗಿ ಕಟ್ಟಲು ಪರವಾನಗಿ ಸಿಗದ ಜಾಗವಾದರೆ ಖಾಲಿ ಜಾಗದ ದರವೇ ಅದಕ್ಕೆ ಅನ್ವಯಿಸುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಮಾರುವವರಿಗೆ ಇದು ಕಹಿ, ಆದರೆ ಸರ್ವೇಯರ ನಕಾಶೆ ಮೇಜಿನ ಮೇಲಿದ್ದರೆ ವಾದ ಬೇಗ ಮುಗಿಯುತ್ತದೆ. ಸಾಲ ತೆಗೆಯುವವರು ಬ್ಯಾಂಕನ್ನು ಮೊದಲೇ ಕೇಳಿ. ಅರವತ್ತೆಪ್ಪತ್ತು ವರ್ಷದ ಕಟ್ಟಡಕ್ಕೆ ಇನ್ನೆಷ್ಟು ಆಯುಷ್ಯ ಎಂದು ವ್ಯಾಲ್ಯೂಯರ್ ಬರೆಯುವುದರ ಮೇಲೆ ಸಾಲದ ಅವಧಿ ನಿಲ್ಲುತ್ತದೆ.

ನೋಂದಣಿ ಖರ್ಚು: ಖರೀದಿ ಬೆಲೆ ಅಥವಾ ಸರಕಾರದ ಮಾರ್ಗಸೂಚಿ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶೇ. 5, ಅದರ ಮೇಲಿನ ಸೆಸ್ಸು-ಸರ್ಚಾರ್ಜು ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6. ಅಂದರೆ 80 ಲಕ್ಷದ ಮನೆಗೆ 6,08,000 ರೂಪಾಯಿ. ಮೊತ್ತ 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್ (ಮೂಲದಲ್ಲೇ ಆದಾಯ ತೆರಿಗೆ) ಕಡಿದು ಕಟ್ಟುವ ಜವಾಬ್ದಾರಿ ಕೊಳ್ಳುವವರದು. ಆರು ಮಂದಿ ಮಾರುವವರಿದ್ದು ಒಬ್ಬೊಬ್ಬರ ಪಾಲು ಚಿಕ್ಕದಿದ್ದರೂ ಒಟ್ಟು ಮೊತ್ತವನ್ನೇ ನೋಡಬೇಕು. ಅವರಲ್ಲಿ ಒಬ್ಬರು ಅನಿವಾಸಿ ಭಾರತೀಯರಾದರೆ ಅವರ ಪಾಲಿಗೆ ಕಡಿತದ ದರ ಇದಕ್ಕಿಂತ ಬಹಳ ಹೆಚ್ಚು, ಸಿಎ ಇಲ್ಲದೆ ಮುಂದೆ ಹೋಗಬೇಡಿ. ‘ಅರ್ಧ ಬ್ಲ್ಯಾಕ್‌ನ್ಯಾಗ ಕೊಡ್ರಿ’ ಅನ್ನುವವರಿಗೆ ತಿಳಿಸಿ: ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಸಂಚಕಾರ ಪತ್ರವನ್ನು ನೋಂದಣಿ ಮಾಡಿಸಿ. ಅದರಲ್ಲಿ ಯಾವ ಕಾಗದ ಯಾವ ತಾರೀಖಿನೊಳಗೆ, ಬರದಿದ್ದರೆ ಸಂಚಕಾರ ಹೇಗೆ ವಾಪಸ್ಸು, ಬಾಡಿಗೆಯವರು ಯಾವಾಗ ಖಾಲಿ ಎಂದು ಬರೆಸಿ. ಇನ್ನೊಂದು ಪಟ್ಟಿಯೂ ಬೇಕು, ಯಾರೂ ಬರೆಸುವುದಿಲ್ಲ: ಮನೆಯ ಜೊತೆ ಬರುವ ಮರದ ಪಟ್ಟಿ. ಕೆತ್ತನೆಯ ಮುಂಬಾಗಿಲು, ಪಡಸಾಲೆಯ ಸಾಗವಾನಿ ಕಂಬ, ದೇವರ ಮನೆಯ ಬಾಗಿಲು, ಜೋಕಾಲಿ, ಅದರ ಹಿತ್ತಾಳೆ ಸರಪಳಿ, ಅಟ್ಟದ ಹಲಗೆ. ಹಳೆ ಸಾಗವಾನಿಗೆ ಒಳ್ಳೆಯ ಗಿರಾಕಿ ಇದೆ. ಪಟ್ಟಿ ಇಲ್ಲದಿದ್ದರೆ ಕೀಲಿ ಕೈಗೆ ಬರುವ ದಿನ ಜೋಕಾಲಿ ಇದ್ದಲ್ಲಿ ನಾಲ್ಕು ಕೊಕ್ಕೆ ಮಾತ್ರ ಸಿಕ್ಕಾವು. ಒಂದೊಂದರ ಫೋಟೋ ತೆಗೆದು ಪತ್ರಕ್ಕೆ ಲಗತ್ತಿಸಿ.

ಕೀಲಿ ಕೈಗೆ ಬಂದ ಮೇಲೆ

ನೋಂದಣಿಯಾದರೆ ಎಲ್ಲ ಮುಗಿಯಿತು ಎಂದು ಖರೀದಿ ಪತ್ರವನ್ನು ಲಾಕರಿನಲ್ಲಿಟ್ಟು ಕೂತವರೇ ಮುಂದಿನ ಪೀಳಿಗೆಗೆ ತಲೆನೋವು ಬಿಟ್ಟುಹೋಗುವುದು. ಸಿಟಿ ಸರ್ವೆ ಉತಾರದಲ್ಲಿ ನಿಮ್ಮ ಹೆಸರು ಬರಬೇಕು, ಪಾಲಿಕೆಯ ಇ-ಆಸ್ತಿಯಲ್ಲಿ ಬರಬೇಕು, ಎರಡೂ ಬೇರೆ ಬೇರೆ ಕಚೇರಿ, ಒಂದರಲ್ಲಿ ಆದರೆ ಇನ್ನೊಂದರಲ್ಲಿ ತಾನಾಗಿ ಆಗುವುದೆಂದು ನಂಬಬೇಡಿ. ಹೆಸ್ಕಾಂ ಕರೆಂಟ್ ಮೀಟರು ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. ಬಿಲ್ಲಿನ ಮೇಲಿನ ಆರ್‌ಆರ್ ನಂಬರು ಹಿಡಿದು ಹೆಸರು ಬದಲಿಸಿ, ಹಳೆ ಬಾಕಿ ಇದ್ದರೆ ಮಾರುವವರಿಂದಲೇ ಕಟ್ಟಿಸಿ. ನೀರಿನ ಕನೆಕ್ಷನ್ ಹಾಗೆಯೇ.

ಕೆಲಸ ಶುರು ಮಾಡುವಾಗ ಮಾಡಿನಿಂದ ಕೆಳಗೆ ಇಳಿಯಿರಿ: ಮೊದಲು ಹಂಚು ಮತ್ತು ಸೋರಿಕೆ, ಆಮೇಲೆ ವೈರಿಂಗು-ಪೈಪು, ಆಮೇಲೆ ಗಿಲಾವು, ಬಣ್ಣ ಎಲ್ಲಕ್ಕಿಂತ ಕೊನೆಗೆ. ಗೋಡೆಗಳಿಗೆ ಒಂದು ಮಳೆಗಾಲ ಕೊಟ್ಟು ಬಣ್ಣ ಹಚ್ಚಿದರೆ ತೇವ ಎಲ್ಲಿದೆಯೋ ಅಲ್ಲೇ ಕಾಣುತ್ತದೆ. ಹಿತ್ತಲಿನ ದೊಡ್ಡ ಮರವನ್ನು ಕಡಿಯಬೇಕಾದರೆ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಗೋಡೆಯ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿಯನ್ನು ಮಾತ್ರ ಬೇರು ಸಮೇತ ಇವತ್ತೇ ಕೀಳಿಸಿ. ವಾಸ್ತು ಶಾಂತಿಗೆ ಮುಹೂರ್ತ ನೋಡುವುದಿದ್ದರೆ ಬಚ್ಚಲ ನೀರು ಯುಜಿಡಿಗೆ (ಒಳಚರಂಡಿಗೆ) ಹೋಗುತ್ತಿದೆಯೋ ಕೆರೆಗೆ ಹೋಗುತ್ತಿದೆಯೋ ಎಂದು ಮೊದಲು ಒಂದು ಬಕೆಟ್ ಬಣ್ಣದ ನೀರು ಹಾಕಿ ನೋಡಿ. ಕೆರೆಗೆ ಹೋಗುತ್ತಿದ್ದರೆ ಯುಜಿಡಿ ಕನೆಕ್ಷನ್ನಿಗೆ ಅರ್ಜಿ ಕೊಟ್ಟು, ಅದಾದ ಮೇಲೆ ತಾರೀಖು ಹಿಡಿಯಿರಿ.